ಮೊಳೆಗೆ ಬಳಿದ ಮದ್ದು

ಯಾರಾದರೂ ಹೊಸದೊಂದನ್ನು ಮಾಡಿ ತೋರಿಸಿದರೆ ‘ಇದೇನು ಮಹಾ’ ಎನ್ನುವ ಚಪಲ ನನಗೆ ಹುಟ್ಟಿನಿಂದಲೇ ಬಂದದ್ದು. ಕೊಳ್ಳೇಗಾಲದ ಕೋರ್ಟಿನಲ್ಲಿ ಗದ್ದೆಯ ಬದುವಿನ ವ್ಯಾಜ್ಯ ನಡೆಸುವ ವಕೀಲನಾದ ನನಗೆ ಈ ಗುಣವೇ ಅನ್ನ ಹಾಕಿದೆ ಎಂದರೂ ಸುಳ್ಳಲ್ಲ. ಪೇಟೆಂಟಿನ ಹೊಸ ಕಾನೂನು ಬಂದ ಕಾಲದಲ್ಲಿ, ಭೂಸುಧಾರಣೆಯದೆಂದುಕೊಂಡು ಅದರ ಪುಸ್ತಕವನ್ನು ಮೈಸೂರಿನಿಂದ ಕೊಂಡುತಂದಿದ್ದೆ. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ, ಆ ವಿಷಯದಲ್ಲಿ ನಮ್ಮೂರಿಗೆ ನಾನೇ ಪಂಡಿತನಾದೆ.

ಹಾಗಾಗಿ ನಮ್ಮ ಬೀದಿಯ ಡಾಕ್ಟರು ಒಂದು ಸಂಜೆ ಸಣ್ಣ ಡಬ್ಬಿ ಹಿಡಿದು ಬಂದರು. ಮುರಿದ ಮೂಳೆಯೊಳಗೆ ಕೂರಿಸುವ ಉಕ್ಕಿನ ಮೊಳೆ ಅದರಲ್ಲಿತ್ತು. ಒಳಗೆ ಕೀವಾಗದಿರಲೆಂದು ರೇಷ್ಮೆಯ ಅಂಟಿನಲ್ಲಿ ಔಷಧಿ ಕಲಸಿ ಅದಕ್ಕೆ ತೆಳ್ಳಗೆ ಲೇಪ ಕೊಟ್ಟಿದ್ದರು.

“ಆರು ವರ್ಷದ ಕೆಲಸ, ಲಾಯರೇ. ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದಾದ್ರೆ ಪೇಟೆಂಟ್ ಸಿಗಲ್ವಂತೆ. ನೀವೂ ಹಾಗೇ ಅಂದ್ರೆ ಅರ್ಜಿ ಹಾಕೋದೇ ಬಿಟ್ಬಿಡ್ತೀನಿ” ಎಂದರು. ಮರುಕವಾಗುವ ಬದಲು ನನಗೆ ಜಡ್ಜಿಯ ಕುರ್ಚಿಯೇ ಸಿಕ್ಕಷ್ಟು ಖುಷಿಯಾಯಿತು.

ಮಾರನೆಯ ಬೆಳಿಗ್ಗೆ, ಮಡಿಸಲು ಬಾರದ ನನ್ನ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಅಭಿಪ್ರಾಯ ಬರೆದೆ. ಮೊಳೆ ಹಳೆಯದು, ಔಷಧಿ ಹಳೆಯದು, ರೇಷ್ಮೆಯ ಅಂಟಂತೂ ನಮ್ಮ ನೇಕಾರರು ನೂಲು ಬೇಯಿಸಿ ಚರಂಡಿಗೆ ಚೆಲ್ಲುವ ನೀರಿನಲ್ಲೇ ಇದೆ. ಕಿವಿ ಚುಚ್ಚಿಸಿದಾಗ ನಮ್ಮಜ್ಜಿ ಬೇವಿನ ಕಡ್ಡಿಗೆ ಅರಿಸಿನ ಸವರಿಯೇ ತೂತಿಗೆ ಇಡುತ್ತಿದ್ದಳು. ಆದ್ದರಿಂದ ಇದು ಯಾರಿಗಾದರೂ ಹೊಳೆಯುವಂಥದ್ದೇ. ಬರೆದದ್ದು ಎಷ್ಟು ಹಿಡಿಸಿತೆಂದರೆ, ಕಾಫಿ ತಂದ ಹೆಂಡತಿಗೂ ಗಟ್ಟಿಯಾಗಿ ಓದಿ ಹೇಳಿದೆ.

ಅವಳು ಯಳಂದೂರು ಕಡೆಯ ಅಗರದವಳು; ಕಾನೂನು ಓದಿದವಳಲ್ಲ. ಲೋಟ ಇಟ್ಟು ನನ್ನ ಕಾಲನ್ನೇ ನೋಡಿದಳು.

“ಅಲ್ಲ ಕಣ್ರಿ, ಕೌದಳ್ಳಿ ತಾವು ಬಸ್ಸಿಂದ ಬಿದ್ದು ಈ ಕಾಲ್ಗೆ ಮೊಳೆ ಆಕುಸ್ಕಂಡ್ರಲ್ಲ. ಎರಡು ವರ್ಸ ಕೀವು ಸುರೀತಿತ್ತು, ನಾನೇ ತೊಳುದ್ನಲ್ಲ. ನಾಕು ಜನ ಡಾಕ್ಟ್ರು ನೋಡುದ್ರು. ಅಜ್ಜಿ ಅರಿಸ್ನ ಆಗ ಯಾರ್ಗೂ ಯಾಕೆ ಒಳೀಲಿಲ್ಲ?”

ಇಪ್ಪತ್ತು ವರ್ಷದ ವಕಾಲತ್ತಿನಲ್ಲಿ ಇಂಥ ಪಾಟೀಸವಾಲನ್ನು ನಾನು ಕೇಳಿರಲಿಲ್ಲ. ನಾಚಿಕೆಯಾಯಿತು. ಕಾಗದ ಹರಿದು ಹೊಸದಾಗಿ ಬರೆದೆ: ಎಲ್ಲರಿಗೂ ಹೊಳೆಯುವಂಥದ್ದಲ್ಲ, ಧೈರ್ಯವಾಗಿ ಅರ್ಜಿ ಹಾಕಿ. ಕೊನೆಗೆ ‘ಲಗತ್ತು’ ಎಂದು ಬರೆದು ಪೆನ್ನು ನಿಲ್ಲಿಸಿದೆ. ಸೇರಿಸಬೇಕಾಗಿದ್ದ ದಾಖಲೆ ಒಂದೇ. ಅದು ಸ್ಟೂಲಿನ ಮೇಲಿತ್ತು, ಮಡಿಸಿ ಲಕೋಟೆಗೆ ಹಾಕಲು ಬರುವಂತಿರಲಿಲ್ಲ.