ಬೆಳ್ಳುಳ್ಳಿ ಒಗ್ಗರಣೆಯ ಸಂದೇಶ ಮತ್ತು ನನ್ನ ಕಟ್ಟಿದ ಮೂಗು

ಬರೀ ಮೂಗನ್ನು ನಂಬಿ ಸಂಸಾರ ಮಾಡಬಾರದು ಎಂದು ನನಗೆ ಮದುವೆಯ ದಿನ ಯಾರೂ ಹೇಳಲಿಲ್ಲ. ನಾನು ಬೀದರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವನು. ಕೊಳೆತ ಮೊಟ್ಟೆಯ ನಾತ ಬೀರುವ ಹೈಡ್ರೋಜನ್ ಸಲ್ಫೈಡ್ ಎಂದರೆ ನನಗೆ ವಿಶೇಷ ಪ್ರೀತಿ. ಹೆಚ್ಚಾದರೆ ಜೀವ ತೆಗೆಯುವ ಈ ವಿಷವನ್ನು ನಮ್ಮ ದೇಹ ತಾನೇ ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸಿಕೊಳ್ಳುತ್ತದೆ. ಒಂದು ಜೀವಕೋಶ ಅದನ್ನು ಹೊರಬಿಟ್ಟರೆ ಸಾಕು, ಪಕ್ಕದ ರಕ್ತನಾಳಕ್ಕೆ ಸುದ್ದಿ ಮುಟ್ಟಿ ಅದು ಬಿಗಿ ಬಿಡುತ್ತದೆ. ಮಾತಿಲ್ಲ, ಕತೆಯಿಲ್ಲ, ‘ಸಾಕು, ಸಡಿಲಾಗು’ ಅಂದಂತೆ ಅಷ್ಟೇ. ಬೇಸಿಗೆಯ ಮಧ್ಯಾಹ್ನ ಹೊರಸಿನ ಮೇಲೆ ಬಿದ್ದುಕೊಂಡು, ನನ್ನೊಳಗೆ ಎಲ್ಲೆಲ್ಲೋ ಈ ಪಿಸುಮಾತು ನಡೆದಿದೆ ಎಂದು ನೆನೆಯುತ್ತಿದ್ದರೆ ಹಿತವಾದ ಜೋಂಪು ಹತ್ತುತ್ತದೆ. ಹೆಂಡತಿ ರುಕ್ಮಿಣಿ ಇದನ್ನು ಸೋಮಾರಿತನ ಎನ್ನುತ್ತಾಳೆ. ಇದನ್ನೇ ಪಾಠ ಹೇಳುವಾಗ ನನ್ನ ವಿದ್ಯಾರ್ಥಿಗಳಿಗೂ ಅದೇ ಜೋಂಪು ಹತ್ತುವುದರಿಂದ, ಅದು ವಿಷಯದ ಗುಣವೇ ಎಂದು ನನ್ನ ನಂಬಿಕೆ. ಪ್ರಯೋಗಶಾಲೆಯಲ್ಲಿ ಈ ಅನಿಲದ ನಡುವೆಯೇ ಇರುವವನ ಮೂಗು ಬೇಗ ದಣಿದು, ಅವನಿಗೆ ನಾತವೇ ತಿಳಿಯದಂತಾಗುತ್ತದೆ ಎಂದೂ ಪ್ರತಿವರ್ಷ ಹೇಳುತ್ತೇನೆ.

ನಮ್ಮ ಮನೆಯಲ್ಲೂ ಇಂಥದೊಂದು ಏರ್ಪಾಡಿದೆ. ರುಕ್ಮಿಣಿ ಸಿಟ್ಟಾದರೆ ಜಗಳಾಡುವುದಿಲ್ಲ, ಮಾತು ಬಿಡುತ್ತಾಳೆ. ಸಿಟ್ಟು ಇಳಿದಾಗ ಬ್ಯಾಳಿಗೆ ಧಾರಾಳವಾಗಿ ಬೆಳ್ಳುಳ್ಳಿ ಜಜ್ಜಿ ಹಾಕಿ ಒಗ್ಗರಣೆ ಕೊಡುತ್ತಾಳೆ. ಆ ಘಮ ಪಡಸಾಲೆಗೆ ಬಂದೊಡನೆ ನಾನೆದ್ದು ಹೋಗಿ ತಾಟಿನ ಮುಂದೆ ಕೂಡುತ್ತೇನೆ. ಯಾರೂ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಬೆಳ್ಳುಳ್ಳಿಯೂ ಗಂಧಕದ ಬಳಗದ್ದೇ. ತಿಂದವರ ರಕ್ತ ಅದರಿಂದ ನನ್ನ ಪ್ರೀತಿಯ ಅನಿಲವನ್ನೇ ಒಂದಿಷ್ಟು ಹುಟ್ಟಿಸಿಕೊಳ್ಳುತ್ತದೆ. ಹೀಗಾಗಿ ನಮ್ಮ ದಾಂಪತ್ಯ ವಿಜ್ಞಾನದ ಬುನಾದಿಯ ಮೇಲೆಯೇ ನಿಂತಿದೆ ಎಂದು ಹಿಗ್ಗುತ್ತಿದ್ದೆ.

ಆ ವರ್ಷ ಮಳೆ ಕೈಕೊಟ್ಟಿತು. ಔರಾದ ಕಡೆಯ ಊರುಗಳಿಂದ ಜನ ಪುಣೆ, ಹೈದರಾಬಾದ್ ಎಂದು ಕೂಲಿಗೆ ಹೊರಟಿದ್ದರು. ತಮ್ಮೂರು ಡಾಬಕಾದಲ್ಲಿ ಹುಲ್ಲಿನ ಕಡ್ಡಿ ಉಳಿಯಲಿಲ್ಲವೆಂದು ರುಕ್ಮಿಣಿಯ ಅಪ್ಪ ವಿಠೋಬಾ ಕುರಿ ಹೊಡೆದುಕೊಂಡು ಭಾಲ್ಕಿ ಕಡೆಯ ಕೆರೆ ದಂಡೆಗೆ ಹೊರಟವರು, ಮಗಳ ಮುಖ ನೋಡಿ ಹೋಗೋಣವೆಂದು ಬೀದರಿನ ಅಂಚಿನ ನೌಬಾದಿನ ನಮ್ಮ ಮನೆಗೆ ಬಂದರು. ಅಂಗಳದ ತುಂಬ ಕುರಿ. ನನ್ನ ಅಜ್ಜನೂ ಕುರಿ ಕಾಯ್ದವನೇ. ನೌಬಾದಿನಲ್ಲಿ ಮನೆ ಕಟ್ಟಿಸಿದ ಮೇಲೆ ಅದು ನನಗೆ ಮರೆತಿತ್ತು. ಊಟಕ್ಕೆ ಕುಳಿತಾಗ, “ಕುರಿ ನಾತ ಒಳಗ ತನಕ ಬರ್ಲತ್ತದಲ್ಲ” ಎಂದುಬಿಟ್ಟೆ. ಮಾವ ನಕ್ಕರು. ಆದರೆ ಮಲಗುವಾಗ ಕಂಬಳಿ ಎತ್ತಿಕೊಂಡು ಅಂಗಳದ ಬೇವಿನ ಮರದಡಿ ಹೋದರು. ರುಕ್ಮಿಣಿ ಮಾತು ಬಿಟ್ಟಳು. ಮಾರನೆಯ ಸಂಜೆ ಅವರು ಹೊರಡುವವರಿದ್ದರು. ನೊಂದುಕೊಂಡು ಹೋದರೆ, ಮತ್ತೆ ಯಾವ ಮಳೆಗಾಲಕ್ಕೆ ಬರುವರೋ ಯಾರಿಗೆ ಗೊತ್ತು? ನನಗೆ ಒಳಗೊಳಗೇ ಹೆದರಿಕೆಯಾಯಿತು.

ಹೆದರಿದರೂ ನಾನು ಮಾಡಿದ್ದು ಒಂದೇ ಕೆಲಸ: ಮರುದಿನ ಮಧ್ಯಾಹ್ನ ಹೊರಸಿನ ಮೇಲೆ ಬಿದ್ದುಕೊಂಡು ಒಗ್ಗರಣೆಗೆ ಕಾದೆ. ಕಾಯುತ್ತ ಕಾಯುತ್ತ ಜೋಂಪು ಹತ್ತಿತು. ಕನಸಿನಲ್ಲಿ ನನ್ನ ರಕ್ತನಾಳಗಳೊಳಗೆ ಕುರಿಗಳು ನಡೆದಿದ್ದವು. ಮುಂದೆ ಮಾವ, ಹೆಗಲ ಮೇಲೆ ಕಂಬಳಿ. ದಾರಿ ಬಿಗಿಯಾದಲ್ಲೆಲ್ಲ ಅವರು ನಿಂತು ಮೆಲ್ಲಗೆ, “ಒಂದೀಟು ಸರೀರಿ” ಎನ್ನುತ್ತಿದ್ದರು. ದಾರಿ ಅಗಲವಾಗುತ್ತಿತ್ತು, ಕುರಿಗಳು ಸದ್ದಿಲ್ಲದೆ ಸಾಗುತ್ತಿದ್ದವು. ಎಷ್ಟು ನೆಮ್ಮದಿ ಅಂತೀರಿ!

ಎಚ್ಚರವಾದಾಗ ರುಕ್ಮಿಣಿ ಎದುರಿಗೆ ನಿಂತಿದ್ದಳು. ಹೊರಗೆ ಮಾವ ಕುರಿ ಎಬ್ಬಿಸುತ್ತಿದ್ದರು.

“ಒಗ್ಗರಣಿ ಕೊಟ್ಟು ಯಾವಾಗೋ ಆಯ್ತು. ಓಣಿ ತುಂಬ ಘಮ್ ಅಂತದ. ಅಷ್ಟ್ಯಾಕ ಹಟರಿ ನಿಮಗ?”

“ಹಟ ಅಲ್ಲ. ನೆಗಡಿ. ನಾಕ್ ದಿನದಿಂದ ಮೂಗ ಕಟ್ಟದ, ಕಾಯುವಾಗ ಅದೇ ಮರ್ತಿದ್ದೆ. ಒಂದು ವಾಸನಿನೂ ಬರವಲ್ದು.”

“ನಾಕ್ ದಿನದಿಂದ? ಹಂಗಾರ ನಿನ್ನಿ ನಮ್ಮಪ್ಪನ ಕುರಿ ನಾತ ಹ್ಯಾಂಗ ಬಂತ್ರಿ?”

ಕುರಿಗಳನ್ನು ನಾನು ಮೂಸಿದ್ದು ಕಣ್ಣಿನಿಂದ. ನಾಚಿಕೆಯಿಂದ ಚಪ್ಪಲಿ ಕೂಡ ಮೆಟ್ಟದೆ ಅಂಗಳಕ್ಕೆ ಓಡಿದೆ.

“ಮಾವಾ, ನನ್ನ ಮಾತು ಮನಸಿಗಿ ಹಚ್ಕೊಂಡು ಹೊರಗ ಮಲಗಿದ್ರೇನು? ತಪ್ಪಾಯ್ತರಿ. ಇವತ್ತ ಹೋಗಬ್ಯಾಡ್ರಿ.”

“ಅಯ್ಯ, ಅದಕ್ಕಲ್ಲರಿ ಮಾಸ್ತರ” ಎಂದರು ಮಾವ, ಬಹಳ ಸಂಕೋಚದಿಂದ. “ಒಳಗ ಗೂಟಕ್ಕ ನಿಮ್ಮ ಕಾಲೇಜಿನ ಅಂಗಿ ತೂಗಲತ್ತಿತ್ತು. ಕೊಳತ ತತ್ತಿ ನಾತ. ನಿದ್ದಿನೇ ಹತ್ತಲಿಲ್ಲ. ಅಳಿಯಗ ಹ್ಯಾಂಗ ಹೇಳಬೇಕಂತ ಸುಮ್ಮನಾದೆ.”

ನಾನು ತಿರುಗಿ ರುಕ್ಮಿಣಿಯನ್ನು ನೋಡಿದೆ.

“ಲಗ್ನ ಆದಾಗಿಂದ ಒಗೀಲತ್ತೀನಿ” ಎಂದಳು ಅವಳು. “ನಾ ಎಂದರ ಅಂದೀನೇನು?”

ಅಂದಿರಲಿಲ್ಲ.

ಅಂದು ಮಾವ ಹೊರಡಲಿಲ್ಲ. ನಾವು ಮೂವರೂ ಆರಿಹೋಗಿದ್ದ ಬ್ಯಾಳಿಯನ್ನು ಮತ್ತೆ ಬಿಸಿ ಮಾಡಿಸಿಕೊಂಡು ಉಂಡೆವು. ಅವರಿಗೆ ಒಳಗೆ ಹಾಸಿಗೆಯಾಯಿತು. ನನ್ನ ಅಂಗಿಯನ್ನು ರುಕ್ಮಿಣಿ ಬೇವಿನ ಮರದ ಟೊಂಗೆಗೆ ಹಾಕಿ ಬಂದಳು. ಬೆಳಗ್ಗೆ ಎದ್ದು ನೋಡುತ್ತೇನೆ, ಅಷ್ಟು ಕುರಿಗಳೂ ಆ ಮರ ಬಿಟ್ಟು ಅಂಗಳದ ಇನ್ನೊಂದು ಮೂಲೆಯಲ್ಲಿ ಒತ್ತೊತ್ತಾಗಿ ಮಲಗಿದ್ದವು.