ಕಡಲೆಕಾಯಿ ಎಣ್ಣೆ ಸೋಸಿದ್ದು

ಮಿಲ್ಲು ಮುಳುಗುವ ಹೊತ್ತಿನಲ್ಲೂ ನಗು ಬರಿಸುವಂಥದ್ದು ನಡೆಯುತ್ತಲೇ ಇರುತ್ತದೆ. ಆಗ ನಗುವ ಮನಸ್ಸು ಮಾತ್ರ ಯಾರಿಗೂ ಇರುವುದಿಲ್ಲ.

ಅರವತ್ತರ ದಶಕದಲ್ಲಿ ನಾನು ಚಿಂತಾಮಣಿಯ ಒಂದು ಎಣ್ಣೆ ಮಿಲ್ಲಿನಲ್ಲಿ ಸೂಪರ್‌ವೈಸರ್. ನಮ್ಮ ಕಡಲೆಕಾಯಿ ಎಣ್ಣೆಯಲ್ಲಿ ಮಡ್ಡಿ ಕೂತು ಕಮಟು ವಾಸನೆ ಬರುತ್ತದೆಂದು ಬೆಂಗಳೂರಿನ ವ್ಯಾಪಾರಿ ಡಬ್ಬಗಳನ್ನು ವಾಪಸ್ ಕಳಿಸಿದ್ದ. ಎರಡು ಗಾಣ ನಿಂತಿದ್ದವು. ಒಳ್ಳೆಯ ಫಿಲ್ಟರ್ ಬಾರದಿದ್ದರೆ ಮಿಕ್ಕವೂ ನಿಲ್ಲುತ್ತಿದ್ದವು.

ಮಾದರಿ

ಫಿಲ್ಟರ್ ಮಾಡುವ ಕಂಪನಿಯವರು, ಎಣ್ಣೆಯಲ್ಲಿ ಮಡ್ಡಿ ಎಷ್ಟಿದೆ ನೋಡಬೇಕು, ಒಂದು ಬಾಟಲಿ ಕಳಿಸಿ ಅಂದರು. ಯಜಮಾನರು ಎಣ್ಣೆಯನ್ನು ಮಲ್ಲು ಪಂಚೆಯಲ್ಲಿ ಮೂರು ಸಲ ಸೋಸಿ ಬಾಟಲಿಗೆ ತುಂಬಿದರು.

"ಇರೋ ಹಾಗೇ ಕಳಿಸ್ಬೇಕು ಯಜಮಾನ್ರೇ" ಅಂದೆ.

"ಹೆಣ್ಣು ನೋಡೋಕೆ ಬರೋರ ಮುಂದೆ ಮುಖ ತೊಳೆಸದೆ ಕೂರಿಸ್ತಾರೇನಪ್ಪ?"

ಕಂಪನಿಯಿಂದ ಉತ್ತರ ಬಂತು: ನಿಮ್ಮ ಎಣ್ಣೆಗೆ ಫಿಲ್ಟರೇ ಬೇಡ. ಬೇಕೇ ಬೇಕೆಂದರೆ ಎಲ್ಲಕ್ಕಿಂತ ಚಿಕ್ಕದು ಸಾಕು.

ಪೂಜೆ

ಚಿಕ್ಕದೇ ಬಂತು. ಪೂಜೆ ಮಾಡಿ ಶುರು ಮಾಡಿದೆವು. ಮಂಗಳಾರತಿ ತಟ್ಟೆ ಒಳಗೆ ಹೋಗುವಷ್ಟರಲ್ಲಿ ಫಿಲ್ಟರಿನ ಬಟ್ಟೆ ಮಡ್ಡಿಯಿಂದ ಕಟ್ಟಿಕೊಂಡಿತು. ಒತ್ತಡ ಏರಿ, ಫಲಕಗಳ ಸಂದಿಯಿಂದ ಬಿಸಿ ಎಣ್ಣೆ ಚಿಮ್ಮಿ ಯಜಮಾನರ ಮೈಮೇಲೆಲ್ಲ ಬಿತ್ತು. ಸದ್ಯ, ಸುಡುವಷ್ಟು ಬಿಸಿ ಇರಲಿಲ್ಲ. ನಾನು ಟವೆಲ್ ಕೊಡಲು ಹೋದರೆ ಬೇಡವೆಂದು ಕೈಯಾಡಿಸಿದರು.

"ಒರೆಸ್ಬೇಡ ಕಣಪ್ಪ. ಕಂಪನಿಯೋರನ್ನ ಕರೆಸು. ಮಾದರಿ ಇಲ್ಲೇ ಇದೆ, ಬಂದು ನೋಡ್ಲಿ."

ತಿಳಿ ಎಣ್ಣೆ

ಎರಡನೆಯ ಸಲ ಗಾಣದ ಬಾಯಲ್ಲೇ ಎಣ್ಣೆ ಹಿಡಿದು ಕಳಿಸಿದೆ. ಎಷ್ಟು ಬಿಸಿ, ಗಂಟೆಗೆ ಎಷ್ಟು ಎಣ್ಣೆ, ಎಲ್ಲ ಬರೆದೆ. ದೊಡ್ಡ ಫಿಲ್ಟರ್ ಬರುವಷ್ಟರಲ್ಲಿ ಬೆಂಗಳೂರಿನ ವ್ಯಾಪಾರಿ ಬೇರೆ ಮಿಲ್ಲು ಹಿಡಿದಿದ್ದ. ನಮ್ಮ ಆಳುಗಳಲ್ಲಿ ಅರ್ಧ ಜನ ರೇಷ್ಮೆ ಬಿಚ್ಚುವ ಕೆಲಸ ಹುಡುಕಿಕೊಂಡು ಶಿಡ್ಲಘಟ್ಟಕ್ಕೆ ಹೋಗಿಬಿಟ್ಟಿದ್ದರು. ಓಡುತ್ತಿದ್ದದ್ದು ಒಂದೇ ಗಾಣ.

ಆದರೆ ಎಣ್ಣೆ ಎಷ್ಟು ತಿಳಿಯಾಗಿ ಬಂತೆಂದರೆ ಡಬ್ಬದ ತಳ ಕಾಣುತ್ತಿತ್ತು. ಯಜಮಾನರು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದರು. ಆಮೇಲೆ ನಾವಿಬ್ಬರೇ ಡಬ್ಬಗಳನ್ನು ಗಾಡಿಗೆ ಹಾಕಿಸಿಕೊಂಡು ಸಂತೆಗೆ ಹೋದೆವು.

ಬೋಂಡಾ ಅಂಗಡಿಯ ಅಜ್ಜಿ ಬೆರಳದ್ದಿ ನೋಡಿದಳು. "ಇದೇಂ ಸಾಮಿ, ನೀಳ್ಳ ತರಾ ಐತೆ, ಬರೀ ನೀರು. ಏನ್ ಬೆರೆಸಿದೀರಾ?"

ಅವಳ ಮಾತು ಸಂತೆಯೆಲ್ಲ ಸುತ್ತಿತು. ಒಂದು ಸೇರೂ ಹೋಗಲಿಲ್ಲ.

ಮಿಲ್ಲಿಗೆ ಬಂದು ಯಜಮಾನರು ಜಗಲಿಯ ಮೇಲೆ ಕೂತರು. ಅವರು ಗಾಣ ನಿಲ್ಲಿಸಿ ಅನ್ನುತ್ತಾರೆಂದೇ ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ.

"ಫಿಲ್ಟರ್ ನಿಲ್ಲಿಸ್ಬೇಡ್ರಪ್ಪ, ಅಷ್ಟು ಕಷ್ಟಪಟ್ಟು ತರಿಸಿದ್ದು" ಅಂದರು. "ಚೆನ್ನಾಗಿ ಸೋಸಿ. ಸೋಸಿದ ಮೇಲೆ ಡಬ್ಬಕ್ಕೊಂದು ಸೌಟು ಮಡ್ಡಿ ವಾಪಸ್ ಹಾಕಿ."