ಮೋಕ ಬಂದಾಗ ಬದಲಾಗುವ ವಾಚು

ಸುಳ್ಳು ಹೇಳುವುದರಲ್ಲಿ ಹಲವು ಬಗೆ. ಬಾಯಿಂದ ಹೇಳುವವರಿದ್ದಾರೆ, ಕಾಗದದ ಮೇಲೆ ಬರೆದುಕೊಡುವವರಿದ್ದಾರೆ, ಸುಮ್ಮನೆ ಕೂತೇ ಹೇಳಿಬಿಡುವ ಜಾಣರೂ ಇದ್ದಾರೆ. ನಾನು ಏಳು ವರ್ಷ ಮಣಿಕಟ್ಟಿನಿಂದ ಸುಳ್ಳು ಹೇಳಿದವನು. ನನ್ನ ಹೆಂಡತಿ ಸುಮಂಗಲಾಳನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲವೆಂದು ನಂಬಿಕೊಂಡಿದ್ದೆ. ಸಿಕ್ಕಿಬಿದ್ದ ಮೇಲೆ ಮುಚ್ಚಿಟ್ಟು ಏನು ಪ್ರಯೋಜನ, ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮದುವೆಯಲ್ಲಿ ಅಳಿಯನಿಗೆ ಉಂಗುರ, ವಾಚು ಹಾಕುವುದು ನಮ್ಮ ಕಡೆಯ ಪದ್ಧತಿ. ನನ್ನ ಮಾವ ಸಿರುಗುಪ್ಪದವರು. ಅಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಭತ್ತದ ಲಾರಿಗಳ ತೂಕದ ಕಾಟಾ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಮಾತು ಕಡಿಮೆ. ಅಂಥವರು ಮದುವೆಯ ದಿನ ಪೆಂಡಾಲಿನಲ್ಲಿ ಎಲ್ಲರೂ ನೋಡುತ್ತಿರುವಾಗ ನನ್ನ ಎಡಗೈ ಹಿಡಿದು ತಾವೇ ವಾಚು ಕಟ್ಟಿದರು. ಬಂಗಾರದ ಬಣ್ಣದ ಚೈನು, ನೀಲಿ ಡಯಲು. ಆ ಡಯಲಿನ ಒಳಗೆ ಇನ್ನೂ ಮೂರು ಪುಟ್ಟ ಡಯಲುಗಳು, ಸುತ್ತಲೂ ಗಂಟೆಗೊಂದರಂತೆ ಹೊಳೆಯುವ ಹರಳು, ಅದರಾಚೆ ತಿರುಗುವ ಒಂದು ಬಳೆ, ಬಳೆಯ ಮೇಲೆ ಮತ್ತಷ್ಟು ಅಂಕಿಗಳು, ವಾರಕ್ಕೊಂದು ಕಿಂಡಿ, ತಾರೀಖಿಗೊಂದು ಕಿಂಡಿ. ಒಟ್ಟಿನಲ್ಲಿ ಎಷ್ಟು ಗಂಟೆ ಎನ್ನುವುದೊಂದು ಬಿಟ್ಟು ಉಳಿದದ್ದೆಲ್ಲ ಅದರಲ್ಲಿ ಕಾಣುತ್ತಿತ್ತು. ಯಾರಾದರೂ ಟೈಮ್ ಕೇಳಿದರೆ ನಾನು ಕೈ ಮುಖದ ಹತ್ತಿರ ತಂದು, ಮುಳ್ಳುಗಳ ಆ ಸಂತೆಯಲ್ಲಿ ಸರಿಯಾದ ಎರಡನ್ನು ಹುಡುಕಿ ಹೇಳುವ ಹೊತ್ತಿಗೆ ಕೇಳಿದವರು ಮುಂದೆ ಹೋಗಿರುತ್ತಿದ್ದರು.

ನನ್ನ ಉದ್ಯೋಗಕ್ಕೂ ಅದಕ್ಕೂ ಹೊಂದಲಿಲ್ಲ. ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಚೆಕಿಂಗ್ ಮಾಡುವವನು. ದಿನವೂ ಹೊಲಿದು ಬಂದ ಪ್ಯಾಂಟುಗಳನ್ನು ಟೇಬಲ್ಲಿನ ಮೇಲೆ ಹರವಿ, ಹಿಂದೆ ಮುಂದೆ ತಿರುಗಿಸಿ, ದಾರ ಜಗ್ಗಿ ನೋಡಿ, ಇದು ಪಾಸು ಇದು ವಾಪಸ್ಸು ಎಂದು ಬೇರೆ ಮಾಡುವುದು ನನ್ನ ಕೆಲಸ. ಬಂಗಾರದ ಚೈನು ಪ್ರತಿ ಪ್ಯಾಂಟಿನ ನೂಲಿಗೂ ಸಿಕ್ಕಿಕೊಳ್ಳುತ್ತಿತ್ತು, ನೂಲು ಸಿಗದಿದ್ದರೆ ನನ್ನ ಕೈಕೂದಲನ್ನೇ ಹಿಡಿದು ಕೀಳುತ್ತಿತ್ತು. ನಾಲ್ಕು ತಿಂಗಳಾದ ಮೇಲೆ ಅದನ್ನು ಬಿಚ್ಚಿ ಬೀರುವಿನಲ್ಲಿಟ್ಟೆ.

ಆಮೇಲೆ ಒಂದು ದಿನ ಬಳ್ಳಾರಿಯ ವಾಚಿನ ಅಂಗಡಿಯೊಂದಕ್ಕೆ ಹೋಗಿ ಗಾಜಿನ ಕಪಾಟಿನ ತೀರಾ ಕೆಳಗಿನ ಸಾಲಿನಲ್ಲಿದ್ದ ಒಂದನ್ನು ತೋರಿಸಿದೆ. ಅಂಗಡಿಯವರು ಅದನ್ನು ತೆಗೆಯಲು ಬಗ್ಗುವುದಕ್ಕೇ ಬೇಸರಪಟ್ಟರು. "ಅದ್ಯಾಕ್ರೀ ನಿಮಗ? ಅದು ಸಾದಾ ಐತಿ, ಯಾರೂ ಕೇಳಂಗಿಲ್ಲ. ಮ್ಯಾಲಿಂದು ನೋಡ್ರಿ," ಎಂದರು. ನಾನು ಅದೇ ಬೇಕೆಂದೆ. ಬಿಳಿಯ ಡಯಲು, ಕಪ್ಪು ಮುಳ್ಳು ಎರಡು, ಅಂಕಿಗಳಿಲ್ಲ, ಹನ್ನೆರಡು ಕಡೆ ಸಣ್ಣ ಗೆರೆ, ಕಂದು ತೊಗಲಿನ ತೆಳು ಬೆಲ್ಟು. ಅಷ್ಟೇ.

ಅಷ್ಟೇ ಎಂದೆನಲ್ಲ, ಆ ಅಷ್ಟೇ ಎನ್ನುವುದರಲ್ಲೇ ಎಲ್ಲ ಇದೆ. ಅದರ ದೊಡ್ಡ ಮುಳ್ಳು ಗೆರೆಯ ತುದಿಯನ್ನು ಸರಿಯಾಗಿ ಮುಟ್ಟಿ ನಿಲ್ಲುತ್ತದೆ, ದಾಟುವುದಿಲ್ಲ. ಸಣ್ಣ ಮುಳ್ಳು ಗೆರೆಗೆ ಸ್ವಲ್ಪ ಈಚೆಗೇ ನಿಲ್ಲುತ್ತದೆ, ದೊಡ್ಡವರಿಗೆ ದಾರಿ ಬಿಟ್ಟಂತೆ. ಉಳಿದದ್ದು ಬಿಳಿ ಬಯಲು. ಆ ಬಯಲನ್ನು ಬಯಲಾಗಿಯೇ ಬಿಡಲು ಅದನ್ನು ಮಾಡಿದ ಪುಣ್ಯಾತ್ಮ ಎಷ್ಟು ಸಲ ಕೈ ತಡೆದುಕೊಂಡಿದ್ದನೋ. ನನಗೆ ಇದು ತಿಳಿಯುವುದು ಚೆಕಿಂಗ್ ಟೇಬಲ್ಲಿನಿಂದಾಗಿ. ಕಸೂತಿ, ತೇಪೆ, ಗುಂಡಿ, ಜಿಪ್ಪು ಎಂದು ಹತ್ತು ಅಲಂಕಾರವಿರುವ ಪ್ಯಾಂಟಿನಲ್ಲಿ ತಪ್ಪು ಹುಡುಕುವುದು ಕಷ್ಟ. ಜೇಬಿನ ಹೊಲಿಗೆ ಸೊಟ್ಟಾದರೆ ನಮ್ಮ ಟೇಲರುಗಳು ಅದರ ಮೇಲೆ ಒಂದು ಹೂವು ಕೂಡಿಸಿಬಿಡುತ್ತಾರೆ, ಗಿರಾಕಿ ಅದನ್ನೇ ಫ್ಯಾಷನ್ ಎಂದು ಕೊಳ್ಳುತ್ತಾನೆ. ಸಾದಾ ಪ್ಯಾಂಟಿಗೆ ಆ ಸವಲತ್ತಿಲ್ಲ. ಅಲ್ಲಿ ಒಂದು ನೂಲು ದಾರಿ ತಪ್ಪಿದರೂ ನಾಲ್ಕು ಮಾರು ದೂರದಿಂದ ಕಾಣುತ್ತದೆ. ಅದಕ್ಕೇ ಸಾದಾ ಮಾಲಿನ ಲಾಟು ಬಂತೆಂದರೆ ನಮ್ಮ ಟೇಲರುಗಳು ಮುಖ ಸಣ್ಣಗೆ ಮಾಡುತ್ತಾರೆ. ಸರಳವಾಗಿ ಮಾಡುವುದು ಸರಳವಲ್ಲ, ನೀಟಾಗಿ ಮಾಡದಿದ್ದರೆ ಮುಚ್ಚಿಕೊಳ್ಳಲು ಜಾಗವಿರುವುದಿಲ್ಲ.

ಈ ತತ್ವವನ್ನು ನಾನು ಯೂನಿಟ್ಟಿನಲ್ಲಿ ಎಲ್ಲರಿಗೂ ವಿವರಿಸಿದ್ದೇನೆ. ಚಹಾ ಕುಡಿಯುವಾಗ ತೋಳು ಮಡಚಿ, ಕೈ ಮುಂದೆ ಚಾಚಿ, ಇದು ಎಷ್ಟು ಸುಮ್ಮನಿದೆ ನೋಡಿ ಎಂದು ತೋರಿಸಿದ್ದೇನೆ. ಕಟಿಂಗ್ ಮಾಸ್ಟರ್ ಬಾಷಾಸಾಬ್ ಒಮ್ಮೆ ಬಹಳ ಹೊತ್ತು ನೋಡಿ, "ನಂಬರ್ ಹಾಕಾಕ ಮರತಾರಲ್ರೀ ಸಾರ್. ರಿಜೆಕ್ಟ್ ಪೀಸ್ ಇರಬೇಕು, ನೀವೇ ಚೆಕಿಂಗ್‌ನವ್ರು, ಹೆಂಗ ಪಾಸ್ ಮಾಡಿದ್ರಿ?" ಎಂದರು. ಸೌಂದರ್ಯ ಎಲ್ಲರ ಕಣ್ಣಿಗೂ ಕಾಣುವಂಥದ್ದಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಇಷ್ಟರವರೆಗೆ ಸುಳ್ಳೇನೂ ಇರಲಿಲ್ಲ. ಸುಳ್ಳು ಶುರುವಾದದ್ದು ಸಿರುಗುಪ್ಪಕ್ಕೆ ಹೋಗುವಾಗ. ಮಾವ ತಮ್ಮ ಕೈಯಾರೆ ಕಟ್ಟಿದ ವಾಚು ಬೀರುವಿನಲ್ಲಿ ಬಿದ್ದಿದೆ ಎಂದು ತಿಳಿದರೆ ಅವರ ಮನಸ್ಸಿಗೆ ಎಷ್ಟು ನೋವಾದೀತು? ಬೈಯುವವರಾಗಿದ್ದರೆ ಬೈಸಿಕೊಂಡು ಬರಬಹುದಿತ್ತು. ಅವರು ಬೈಯುವವರಲ್ಲ, ಒಳಗೇ ಇಟ್ಟುಕೊಳ್ಳುವವರು. ಹಾಗಾಗಿ ಒಂದು ವ್ಯವಸ್ಥೆ ಮಾಡಿಕೊಂಡೆ. ಬಂಗಾರದ ವಾಚಿನ ಕೀಲಿಯನ್ನು ಹೊರಗೆ ಎಳೆದು ನಿಲ್ಲಿಸಿ, ಸೆಲ್ಲು ಉಳಿಸಿ, ಕರ್ಚೀಫಿನಲ್ಲಿ ಸುತ್ತಿ ಚೀಲದಲ್ಲಿಡುವುದು. ಬಸ್ಸು ನಡುದಾರಿಯ ಮೋಕ ಎಂಬ ಊರಲ್ಲಿ ನಿಂತಾಗ ಸಾದಾ ವಾಚು ಬಿಚ್ಚಿ, ಬಂಗಾರದ್ದರ ಮುಳ್ಳನ್ನು ಹಿಂದಕ್ಕೆ ಸರಿಯಾದ ಗಂಟೆಗೆ ತಿರುಗಿಸಿ, ಕೀಲಿ ಒತ್ತಿ ಕಟ್ಟಿಕೊಳ್ಳುವುದು. ಸಂಜೆ ವಾಪಸು ಬರುವಾಗ ಅದೇ ಮೋಕದಲ್ಲಿ ಮತ್ತೆ ಅದಲು ಬದಲು. ಬಸ್ಸು ಮೋಕದ ಹತ್ತಿರ ಬರುತ್ತಿದ್ದಂತೆ ಸುಮಂಗಲಾ ಕಿಟಕಿಯ ಆಚೆ ನೋಡುತ್ತಲೇ, "ಮೋಕ ಬಂತು. ವೇಷ ಹಾಕ್ಕೋರಿ," ಎನ್ನುತ್ತಿದ್ದಳು. ಏಳು ವರ್ಷದಲ್ಲಿ ಒಮ್ಮೆಯೂ ತಪ್ಪಲಿಲ್ಲ.

ತಪ್ಪಿದ್ದು ಕುರುಗೋಡಿನಲ್ಲಿ. ಸುಮಂಗಲಾಳ ತಂಗಿ ಗೀತಾ ಅಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದಳು. ಮಾವ ಹಿಂದಿನ ದಿನವೇ ಸಿರುಗುಪ್ಪದಿಂದ ಬಂದಿದ್ದರು. ನಾವು ಬೆಳಿಗ್ಗೆ ಬಳ್ಳಾರಿಯಿಂದ ಬಸ್ಸು ಹತ್ತಿದೆವು. ಬಂಗಾರದ ವಾಚು ಕರ್ಚೀಫಿನಲ್ಲಿ ಚೀಲದಲ್ಲೇ ಇತ್ತು. ಆದರೆ ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ದಾರಿಯಲ್ಲಿ ಮೋಕ ಬರುವುದಿಲ್ಲ. ಮೋಕ ಬರಲಿಲ್ಲವಾದ್ದರಿಂದ ನನಗೂ ನೆನಪು ಬರಲಿಲ್ಲ, ಸುಮಂಗಲಾಳೂ ತೂಕಡಿಸುತ್ತಿದ್ದಳು. ಮನೆಯೊಳಗೆ ಕಾಲಿಟ್ಟು, ಎದುರಿಗೆ ಮಾವ ಕಂಡು, ಕೈ ಮುಗಿಯಲು ಎರಡೂ ಕೈ ಎತ್ತಿದಾಗಲೇ ಮಣಿಕಟ್ಟಿನ ಸಾದಾ ವಾಚು ನನ್ನ ಕಣ್ಣಿಗೆ ಬಿದ್ದದ್ದು. ಚೀಲ ಆಗಲೇ ಹೆಂಗಸರ ಕೋಣೆ ಸೇರಿತ್ತು. ಎತ್ತಿದ ಕೈಯನ್ನು ಅಷ್ಟೇ ಬೇಗ ಇಳಿಸಿ ತುಂಬುತೋಳಿನ ಗುಂಡಿ ಹಾಕಿಕೊಂಡು ಗೋಡೆಗೆ ಒರಗಿ ನಿಂತೆ.

ಹಾಲು ಉಕ್ಕಿಸಲು ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಮುಹೂರ್ತ. ಗೀತಾಳ ಗಂಡ ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದ. ಪೂಜೆಗೆ ಬಂದ ಅಯ್ಯನವರ ಫೋನಿಗೆ ಅವರು ಮುಂದೆ ಪೂಜೆಗೆ ಹೋಗಬೇಕಿದ್ದ ಮನೆಯವರು ಒಂದೇ ಸಮನೆ ಕರೆ ಮಾಡುತ್ತಿದ್ದರು. ಅವರು ಅದನ್ನು ಆಫ್ ಮಾಡಿ, "ಕೈಯಾಗ ವಾಚ್ ಇದ್ದೋರು ಯಾರದೀರಿ? ಟೈಮ್ ನೋಡಿ ಹೇಳ್ರಿ," ಎಂದರು. ಗೀತಾ ಒಲೆಯ ಮುಂದಿನಿಂದಲೇ, "ನಮ್ಮ ಭಾವಾರ ಕೈಯಾಗ ಐತಲ್ರೀ, ನಮ್ಮಪ್ಪ ಕೊಡಿಸಿದ್ದು," ಎಂದಳು. ಮನೆಗೆ ಮನೆಯೇ ನನ್ನ ಕಡೆ ತಿರುಗಿತು. ನಾನು ಜೇಬಿನಲ್ಲಿ ಫೋನ್ ತಡಕಾಡಿದೆ, ಅದೂ ಚೀಲದಲ್ಲಿತ್ತು. ಬೇರೆ ದಾರಿ ಇರಲಿಲ್ಲ. ತೋಳಿನ ಗುಂಡಿ ಬಿಚ್ಚಿದೆ.

ಬಿಳಿ ಡಯಲು ಹೊರಗೆ ಬಂತು. ಒಲೆಯ ಆಚೆ ಬದಿ ನಿಂತಿದ್ದ ಮಾವ ಕನ್ನಡಕ ಕೂಡ ಹಾಕಿಕೊಳ್ಳದೆ, ಅಲ್ಲಿಂದಲೇ ಒಂದು ಸಲ ನೋಡಿ, "ಒಂಬತ್ತು ಏಳು ಆಗೇತಿ. ಇನ್ನ ಐದು ನಿಮಿಷ ಐತ್ರಿ," ಎಂದು ಅಯ್ಯನವರಿಗೆ ಹೇಳಿದರು. ಮುಖದಲ್ಲಿ ಏನೂ ಇಲ್ಲ. ಸರಿಯಾದ ಹೊತ್ತಿಗೆ ಹಾಲು ಉಕ್ಕಿತು, ಎಲ್ಲರೂ ಅಕ್ಷತೆ ಹಾಕಿದರು. ನನ್ನ ಒಳಗೆ ಉಕ್ಕಿದ್ದು ಬೇರೆ. ಏಳು ವರ್ಷ ಕಾಪಾಡಿದ್ದನ್ನು ಇಡೀ ಬಳಗದ ಮುಂದೆ ಕಳೆದಿದ್ದೆ, ಅದೂ ಅವರ ಮಗಳ ಹೊಸ ಮನೆಯಲ್ಲಿ.

ಊಟಕ್ಕೆ ಇನ್ನೂ ಹೊತ್ತಿತ್ತು. ಶಾಮಿಯಾನದ ಕೆಳಗೆ ಒಬ್ಬನೇ ಕೂತಿದ್ದೆ. ಮಾವ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಅವರ ಮೌನಕ್ಕೆ ಹೆದರಿ ನಾನೇ ಶುರು ಮಾಡಿದೆ. ನೀವು ಕೊಟ್ಟದ್ದರ ಮೇಲೆ ಅಗೌರವವಿಲ್ಲ ಮಾಮ ಎಂದೆ. ಜೀನ್ಸಿನ ನೂಲಿನ ಕಥೆ ಹೇಳಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ದೊಡ್ಡ ಮುಳ್ಳು ಗೆರೆ ಮುಟ್ಟುವ ಚಂದ ಹೇಳಿದೆ, ಸಣ್ಣ ಮುಳ್ಳಿನ ವಿನಯ ಹೇಳಿದೆ, ಬಿಳಿ ಬಯಲಿನ ಮಹಿಮೆ ಹೇಳಿದೆ. ಹೇಳುತ್ತಾ ಹೇಳುತ್ತಾ ಹೆದರಿಕೆ ಹೋಗಿ ಹುರುಪೇ ಬಂತು. ಅತ್ತ ಹಾದುಹೋಗುತ್ತಿದ್ದ ಬೀಗರೊಬ್ಬರನ್ನು ನಿಲ್ಲಿಸಿ ಅವರಿಗೂ ತೋರಿಸಿದೆ, ನೀರು ಕೊಡಲು ಬಂದ ನೆಂಟರೊಬ್ಬರಿಗೂ ತೋರಿಸಿದೆ. "ಇದರ ಗುಣ ಏನು ಗೊತ್ತಾ ಮಾಮ, ಇದು ಯಾರ ಕಣ್ಣಿಗೂ ಬೀಳಂಗಿಲ್ಲ," ಎಂದು ಮುಗಿಸಿದೆ.

ಮಾವ, "ನನಗ ಮೊದಲಿಂದ ಗೊತ್ತೈತ್ರಿ ಅಳಿಯಂದ್ರ," ಎಂದರು.

"ಏನು ಮಾಮ?"

"ನೀವು ಯಾವತ್ತು ಬಂದ್ರೂ ಆ ವಾಚ್‌ನಾಗ ಮಂಗಳವಾರನ ಇರ್ತಿತ್ತು. ಐತವಾರ ಬಂದ್ರೂ ಮಂಗಳವಾರ, ದೀಪಾವಳಿಗೆ ಬಂದ್ರೂ ಮಂಗಳವಾರ. ಮ್ಯಾಲ ಚೈನ್ ಎರಡು ಬೆರಳು ಅಗಲ, ಅದು ಜಾರಿದ್ರ ಕೆಳಗ ಬಿಸಲು ತಾಗದ ಬಿಳಿ ಕಲಿ ಒಂದ ಬೆರಳು. ಕಾಟಾದ ಮುಳ್ಳು ನೋಡ್ಕೊಂತ ಜೀವನ ಕಳದಾವ ನಾನು. ಇಷ್ಟು ಕಾಣಂಗಿಲ್ಲೇನ್ರಿ?"

ನಾನು ಗಂಟೆ ಸರಿ ಮಾಡಿಕೊಳ್ಳುತ್ತಿದ್ದೆ, ವಾರದ ಕಿಂಡಿಯ ಕಡೆ ಒಮ್ಮೆಯೂ ನೋಡಿರಲಿಲ್ಲ. ಊರೆಲ್ಲರ ಹೊಲಿಗೆಯಲ್ಲಿ ತಪ್ಪು ಹುಡುಕುವವನ ಚೆಕಿಂಗು ಇದು. "ಮತ್ತ ಯಾಕ ಕೇಳಲಿಲ್ಲ ಮಾಮ?" ಎಂದೆ.

"ನನ್ನ ಸಲುವಾಗಿ ಇಷ್ಟು ತ್ರಾಸ ತಗೊಂಡು ಬದಲಿ ಮಾಡ್ಕೊಂಡು ಬರ್ತಾರ, ಬರ್ಲಿ ಅಂತ ಸುಮ್ಮನಿದ್ದೆ. ಖುಷಿನೂ ಆಗ್ತಿತ್ತು," ಎಂದು ಮಾವ ತಮ್ಮ ಕೈ ನೋಡಿಕೊಂಡರು. ಆ ಕೈಯಲ್ಲಿ ಎಂದೂ ವಾಚಿದ್ದದ್ದು ನಾನು ಕಂಡಿಲ್ಲ. "ಅವತ್ತು ಅಂಗಡ್ಯಾಗ ನನಗೂ ಇಂಥಾದ್ದ ಮನಸಿಗೆ ಬಂದಿತ್ತು, ಸಾದಾದ್ದು. ಆದ್ರ ಪೆಂಡಾಲ್‌ನಾಗ ಹಿಂದ ಕುಂತ ಮಂದಿಗೂ ಕಾಣಬೇಕಲ್ಲ, ಮಗಳ ಮದುವಿ. ಅದಕ್ಕ ಅದನ್ನ ತಂದೆ. ಅದು ಮಂದಿ ನೋಡ್ಲಿ ಅಂತ ನಾ ತಂದದ್ದು. ಇದು ಮಂದಿ ನೋಡ್ಲಿ ಅಂತ ನೀವು ತಂದದ್ದು. ನಂದು ತಾನಾಗೇ ಕಾಣ್ತಿತ್ತು. ನಿಮ್ದನ್ನ ನೀವು ಕರದು ಕರದು ತೋರಿಸಬೇಕಾಗೇತಿ, ಅಷ್ಟ ಫರಕು."

ಇದನ್ನು ಅವರು ಚುಚ್ಚಲು ಹೇಳಲಿಲ್ಲ, ಲಾರಿಯ ತೂಕ ಹೇಳಿದಂತೆ ಹೇಳಿದರು. ಅದಕ್ಕೇ ಹೆಚ್ಚು ತಾಗಿತು. ವಾಚನ್ನೇ ನೋಡುತ್ತಾ ಕೂತೆ. ಅವರು ಕೈ ಚಾಚಿ, "ಒಂದು ಸಲ ಕೊಡ್ರಿ ನೋಡೂಣು," ಎಂದರು. ಬಿಚ್ಚಿ ಕೊಟ್ಟೆ. ಕಟ್ಟಿಕೊಂಡರು. ಬಿಳಿ ಅಂಗಿಯ ತೋಳಿನ ಕೆಳಗೆ ಅದು ಮೊದಲಿನಿಂದಲೂ ಅಲ್ಲೇ ಇದ್ದಂತೆ ಕೂತಿತು. ಕಣ್ತುಂಬ ಒಮ್ಮೆ ನೋಡಿ, ತೋಳು ಕೆಳಗೆಳೆದು ಮುಚ್ಚಿ, ಗುಂಡಿ ಹಾಕಿಕೊಂಡು, ಊಟದ ಪಂಕ್ತಿಯ ಕಡೆ ಹೊರಟರು. ಹೋಳಿಗೆ ಬಡಿಸುವಾಗ, ಬೀಗರ ಜೊತೆ ಮಾತಾಡುವಾಗ, ಯಾರಿಗೂ ಒಂದು ಸಲವೂ ಅದನ್ನು ತೋರಿಸಲಿಲ್ಲ. ನಾನು ಮಾತ್ರ ಎದುರು ಸಾಲಿನಲ್ಲಿ ಕೂತು, ಯಾರಾದರೂ ನೋಡಬಾರದೇ ಎಂದು ಚಡಪಡಿಸಿದೆ.

ಸಂಜೆ ಹೊರಡುವಾಗ ಮಾವ, "ಇದು ನನ್ನ ಹತ್ರನ ಇರ್ಲೇನ್ರಿ? ನಿಮಗ ನಾ ಕೊಟ್ಟದ್ದು ಐತಲ್ಲ," ಎಂದರು. ಏಳು ವರ್ಷದಲ್ಲಿ ಅವರು ನನ್ನಿಂದ ಏನನ್ನಾದರೂ ಕೇಳಿದ್ದು ಅದೊಂದೇ. ಸುಮಂಗಲಾ ಕರ್ಚೀಫು ಬಿಚ್ಚಿ ಬಂಗಾರದ ವಾಚನ್ನು ನನ್ನ ಕೈಗೆ ಕೊಟ್ಟಳು. ಅವಳು ನಗು ತಡೆದುಕೊಂಡಿದ್ದು ಚೆನ್ನಾಗಿ ಕಾಣುತ್ತಿತ್ತು.

ಈಗ ಯೂನಿಟ್ಟಿಗೆ ಅದನ್ನೇ ಕಟ್ಟಿಕೊಂಡು ಹೋಗುತ್ತೇನೆ. ಬಾಷಾಸಾಬ್ ನೋಡಿ, "ಈಗ ನೋಡ್ರಿ ಸಾರ್, ವಾಚ್ ಅಂದ್ರ ವಾಚು," ಎಂದು ಬೆನ್ನು ತಟ್ಟಿದರು. ನೂಲು ಸಿಕ್ಕಿಕೊಳ್ಳುತ್ತದೆ, ಕೂದಲು ಕೀಳುತ್ತದೆ. ಸಿರುಗುಪ್ಪದ ಬಸ್ಸಿನಲ್ಲಿ ಮೋಕ ಬಂದಾಗ ಈಗಲೂ ಕೈ ತಾನಾಗಿ ಮಣಿಕಟ್ಟಿಗೆ ಹೋಗುತ್ತದೆ, ವಾರ ಸರಿಯಾಗಿದೆಯೇ ಎಂದು ನೋಡಿಕೊಳ್ಳುತ್ತೇನೆ. ಮನೆ ತಲುಪಿದ ಮೇಲೆ ಚಹಾ ಕುಡಿಯುತ್ತಾ ಒಂದು ಸಲ, ಊಟಕ್ಕೆ ಮೊದಲು ಒಂದು ಸಲ, ಹೊರಡುವ ಮುಂಚೆ ಇನ್ನೊಂದು ಸಲ, "ಟೈಮ್ ಎಷ್ಟಾತು ಮಾಮ?" ಎಂದು ಕೇಳುತ್ತೇನೆ. ಅವರು ತೋಳನ್ನು ಎರಡು ಬೆರಳಷ್ಟು ಸರಿಸಿ, ನೋಡಿ, ಹೇಳಿ, ಮುಚ್ಚಿಕೊಳ್ಳುತ್ತಾರೆ. ಅಷ್ಟರಲ್ಲಿ ನನಗೆ ಆ ಬಿಳಿ ಬಯಲು ಒಂದು ಕ್ಷಣ ಕಾಣುತ್ತದೆ. ಇಷ್ಟು ದೊಡ್ಡ ವಾಚು ಕಟ್ಟಿಕೊಂಡವನು ಇನ್ನೊಬ್ಬರ ಹತ್ತಿರ ಗಂಟೆ ಯಾಕೆ ಕೇಳುತ್ತಾನೆ ಎಂದು ಮಾವ ಈವರೆಗೆ ಕೇಳಿಲ್ಲ.